ಕಾಂಡಾದ್ದನ್ನು ಡೆಬ್ ಮಾಡ್ಲಿಕ್ಕೆ ಆಗ್ತದಾ?

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ತೋಡಾರು, ಮಿಜಾರು ಆಸುಪಾಸಿಗೆ ಎಂಜಿನಿಯರಿಂಗ್ ಕಾಲೇಜುಗಳು ಬಂದ ಮೇಲೆ ಇಲ್ಲಿನ ಜಗಲಿಗಳಲ್ಲಿ ಅಡಿಕೆ ರೇಟಿನ ಜೊತೆಗೆ ಪೈಥಾನ್ ಮಾತೂ ಕೇಳಿಬರುತ್ತದೆ. ಇಲ್ಲಿ ಮಾತಾಡುತ್ತಿರುವವರಲ್ಲಿ ಒಬ್ಬಳು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದಾಳೆ. ಇನ್ನೊಬ್ಬರು ನೆರೆಮನೆಯವರು, ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ತೋಡಾರಿನ ಮನೆಯಲ್ಲೇ ಕೂತು ಮಾಡುವವರು. ಅವರ ಮಾತಿನಲ್ಲಿ ಬರುವ ಕಾಂಡಾ ಎಂದರೆ ಪೈಥಾನನ್ನೂ ಅದರ ಲೈಬ್ರರಿಗಳನ್ನೂ ತಂದು ಹಾಕುವ ಒಂದು ಟೂಲು; ಡೆಬ್ ಎಂದರೆ ಡೆಬಿಯನ್, ಉಬುಂಟು ಲಿನಕ್ಸ್‌ಗಳ ಪ್ಯಾಕೇಜ್ ಫೈಲು.

— ಅಣ್ಣ, ಒಂದು ಕಾಂಡಾ ಪ್ಯಾಕೇಜನ್ನು ಡೆಬ್ ಮಾಡ್ಲಿಕ್ಕೆ ಆಗ್ತದಾ?

— ಮಾಡ್ಲಿಕ್ಕೆ ಆಗ್ತದೆ. ಓಡ್ತದಾ ಅಂತ ಕೇಳು.

— ಅದೇ ಓಡುದಿಲ್ಲ. ಮಾಡಿ ಆಯ್ತು, ಹಾಕಿಯೂ ಆಯ್ತು. ಹಾಕುವಾಗ ಒಂದು ಎರರ್ ಕೂಡ ಇಲ್ಲ. ಪೈಥಾನ್ ತೆರೆದು ಇಂಪೋರ್ಟ್ ಸಿವಿ2 ಅಂತ ಕೊಟ್ರೆ ಲಿಬ್‌ಓಪನ್‌ಸಿವಿ ಕೋರ್ ಸಿಗುದಿಲ್ಲ ಅಂತ ಬರ್ತದೆ.

— ಮೊದಲಿಂದ ಹೇಳು. ಪ್ರಾಜೆಕ್ಟ್ ಎಂತದ್ದು?

— ಹಳೆಯ ಕನ್ನಡ ಪುಸ್ತಕಗಳ ಪುಟ ಸ್ಕ್ಯಾನ್ ಮಾಡಿ ಅಕ್ಷರ ಓದಿಸುದು. ಪುಟ ಓರೆಯಾಗಿದ್ರೆ ನೆಟ್ಟಗೆ ಮಾಡ್ಲಿಕ್ಕೆ, ಕಲೆ ತೆಗೀಲಿಕ್ಕೆ ಓಪನ್‌ಸಿವಿ. ಓದ್ಲಿಕ್ಕೆ ಟೆಸೆರ‍್ಯಾಕ್ಟ್. ನನ್ನ ಲ್ಯಾಪ್‌ಟಾಪಿನಲ್ಲಿ ಕಾಂಡಾದಲ್ಲಿ ಎಲ್ಲ ಚಂದ ಓಡ್ತದೆ. ಲ್ಯಾಬಿನಲ್ಲಿರುದು ಉಬುಂಟು 20.04, ನೆಟ್ ಇಲ್ಲ. ಲ್ಯಾಬ್ ನೋಡ್ಕೊಳ್ಳುವ ಸರ್ ‘ಡೆಬ್ ಫೈಲ್ ತಂದ್ರೆ ಹಾಕ್ತೇನೆ, ಬೇರೆ ಎಂತದ್ದೂ ಹಾಕುದಿಲ್ಲ’ ಅಂದ್ರು. ಹಾಗೆ ಕಾಂಡಾ ಫೈಲನ್ನು ಬಿಚ್ಚಿದೆ, ಎಫ್‌ಪಿಎಂ ಅಂತ ಒಂದು ಟೂಲ್ ಉಂಟಲ್ಲ, ಅದರಲ್ಲಿ ಡೆಬ್ ಕಟ್ಟಿದೆ.

— ಸರ್ ಹೇಳಿದ್ದರಲ್ಲಿ ತಪ್ಪಿಲ್ಲ. ನೀನು ಬಿಚ್ಚಿದ್ದು ಯಾವ ಫೈಲು?

— ಪೈ-ಓಪನ್‌ಸಿವಿ.

— ಅದರೊಳಗೆ ಓಪನ್‌ಸಿವಿಯೇ ಇಲ್ಲ ಮಾರಾಯ್ತಿ! ಪೈಥಾನಿಂದ ಓಪನ್‌ಸಿವಿಯನ್ನು ಕರೆಯುವ ತುಂಡು ಮಾತ್ರ ಇರುದು. ನಿಜವಾದ ಕೆಲಸ ಮಾಡುವ ಲೈಬ್ರರಿಗಳು ಕಾಂಡಾ-ಫೋರ್ಜ್‌ನಲ್ಲಿ ಲಿಬ್‌ಓಪನ್‌ಸಿವಿ ಎಂಬ ಬೇರೆ ಪ್ಯಾಕೇಜಿನಲ್ಲಿ ಉಂಟು.

— ಅದು ಗೊತ್ತಾಯ್ತು, ಮತ್ತೆ ಅದನ್ನೂ ಬಿಚ್ಚಿ ಸೇರಿಸಿದೆ. ಆಗ ವಿಡಿಯೊ ಲೈಬ್ರರಿ ಇಲ್ಲ ಅಂತ ಬಂತು. ಅದನ್ನು ಸೇರಿಸಿದ್ರೆ ಇನ್ನೊಂದು ಇಲ್ಲ ಅಂತ ಬಂತು.

— ಬರ್ತಾ ಇರ್ತದೆ. ಅದೇ ಓಪನ್‌ಸಿವಿಯನ್ನು ಪೈಥಾನಿನದ್ದೇ ಟೂಲಾದ ಪಿಪ್‌ನಲ್ಲಿ ತಂದ್ರೆ ಬೇರೆ ಲೆಕ್ಕ. ಅಲ್ಲಿ ವೀಲ್ ಫೈಲು. ಬೇಕಾದ ಲೈಬ್ರರಿಗಳಲ್ಲಿ ಹೆಚ್ಚಿನವನ್ನು ಅದರೊಳಗೇ ತುಂಬಿಸಿ ಕೊಟ್ಟಿರ್ತಾರೆ. ಲಿನಕ್ಸ್‌ನಲ್ಲಿ ಅದಕ್ಕೆ ಆಡಿಟ್‌ವೀಲ್ ಅಂತ ಟೂಲ್ ಉಂಟು. ಹೊರಗಿನ ಲೈಬ್ರರಿಯನ್ನು ಒಳಗೆ ಕಾಪಿ ಮಾಡಿ, ಬೇರೆಯವರ ಲೈಬ್ರರಿಯ ಜೊತೆ ಗುದ್ದಾಡಬಾರದು ಅಂತ ಅದರ ಹೆಸರಿಗೊಂದು ಬಾಲ ಸೇರಿಸಿ, ‘ಇನ್ನು ಇಲ್ಲೇ ಹುಡುಕು’ ಅಂತ ತಿದ್ದಿ ಬಿಡ್ತದೆ. ಡೆಬಿಯನ್‌ನವರಿಗೆ ಈ ಪದ್ಧತಿಯೇ ಆಗುದಿಲ್ಲ. ಒಂದು ಲೈಬ್ರರಿ ಇಡೀ ಸಿಸ್ಟಮಿಗೆ ಒಂದೇ ಇರ್ಬೇಕು, ಅದರಲ್ಲಿ ತೂತು ಕಂಡುಬಂದ್ರೆ ಒಂದು ಕಡೆ ಸರಿ ಮಾಡಿದ್ರೆ ಎಲ್ಲರಿಗೂ ಸರಿಯಾಗ್ಬೇಕು ಅಂತ ಅವರ ಹಟ. ಕಾಂಡಾದವರು ಇವರಿಬ್ಬರಿಗೂ ಹೊರತು. ಸಿಸ್ಟಮಿನದ್ದು ಆದಷ್ಟು ಬೇಡ, ಪೈಥಾನಿಂದ ಹಿಡಿದು ಓಪನ್‌ಎಸ್‌ಎಸ್‌ಎಲ್‌ವರೆಗೆ ನಮ್ಮದೇ ಇರಲಿ, ಆದರೆ ಬೇರೆ ಬೇರೆ ಪ್ಯಾಕೇಜಾಗಿ ಇರಲಿ ಅಂತ. ಮೂರೂ ಕಡೆ ‘ಓಪನ್‌ಸಿವಿ’ ಅಂತ ಬರೆದಿದ್ರೂ ಒಳಗೆ ಏನುಂಟು, ಏನಿಲ್ಲ, ಇಲ್ಲದ್ದನ್ನು ಯಾರು ಕೊಡ್ಬೇಕು ಅನ್ನುವುದು ಮೂರೂ ಕಡೆ ಬೇರೆ. ಕನ್ವರ್ಟರ್ ಫೈಲುಗಳನ್ನು ಅಲ್ಲಿಂದ ಇಲ್ಲಿಗೆ ಇಡ್ತದೆ ಅಷ್ಟೆ. ಆ ಒಪ್ಪಂದ ಅದರ ಕೈಗೆ ಸಿಗುದಿಲ್ಲ.

— ಎಲ್ಲ ಲೈಬ್ರರಿಗಳನ್ನೂ ಹುಡುಕಿ ಸೇರಿಸಿದ್ರೆ? ಒಂದು ದೊಡ್ಡ ಡೆಬ್?

— ಲ್ಯಾಪ್‌ಟಾಪ್ ತೆಗಿ. ನೀನು ಬಿಚ್ಚಿಟ್ಟ ಫೋಲ್ಡರಿನಲ್ಲಿ ಆ ಕೋರ್ ಲೈಬ್ರರಿಯ ಮೇಲೆ ‘ಸ್ಟ್ರಿಂಗ್ಸ್’ ಕಮಾಂಡ್ ಕೊಡು. ‘ಪ್ಲೇಸ್‌ಹೋಲ್ಡ್’ ಅಂತ ಹುಡುಕು.

— ಅಯ್ಯೊ, ಇದೆಂತದ್ದು? ಪ್ಲೇಸ್‌ಹೋಲ್ಡ್ ಪ್ಲೇಸ್‌ಹೋಲ್ಡ್ ಪ್ಲೇಸ್‌ಹೋಲ್ಡ್ ಅಂತ ಒಂದು ಗೆರೆ ಇಡೀ ಹೋಗಿದೆ. ಯಾರಾದ್ರೂ ತಮಾಷೆಗೆ ಹಾಕಿದ್ದಾ?

— ತಮಾಷೆ ಅಲ್ಲ, ಅದೇ ಕಾಂಡಾದ ಕಸುಬು. ಸಿ ಭಾಷೆಯಲ್ಲಿ ಬರೆದ ಎಷ್ಟೋ ಪ್ರೋಗ್ರಾಮ್‌ಗಳು ಕಂಪೈಲ್ ಆಗುವಾಗ ತಾವು ಎಲ್ಲಿ ಇರ್ತೇವೆ ಅನ್ನುವ ಪೂರ್ತಿ ವಿಳಾಸವನ್ನು ಹೊಟ್ಟೆಯೊಳಗೆ ಬರ್ಕೊಳ್ತವೆ. ಕಾಂಡಾ ಪ್ಯಾಕೇಜ್ ಕಟ್ಟುವವನಿಗೆ ನಿನ್ನ ಲ್ಯಾಪ್‌ಟಾಪಿನ ವಿಳಾಸ ಹೇಗೆ ಗೊತ್ತಿರ್ಬೇಕು? ಹಾಗಾಗಿ ಬೇಕೂಂತಲೇ 255 ಅಕ್ಷರದಷ್ಟು ಉದ್ದದ ಒಂದು ಸುಳ್ಳು ವಿಳಾಸದಲ್ಲಿ ಕಟ್ಟುದು. ನೀನು ಇನ್‌ಸ್ಟಾಲ್ ಮಾಡುವಾಗ ಕಾಂಡಾ ಆ ಬೈನರಿಯನ್ನೇ ತೆರೆದು, ಸುಳ್ಳು ವಿಳಾಸ ಅಳಿಸಿ, ನಿನ್ನ ಮನೆಯ ವಿಳಾಸ ಬರ್ದು, ಉಳಿದ ಜಾಗಕ್ಕೆ ಸೊನ್ನೆ ಬೈಟ್ ತುಂಬಿಸ್ತದೆ. ಫೈಲಿನ ಗಾತ್ರ ಒಂದು ಬೈಟೂ ಹೆಚ್ಚು ಕಡಿಮೆ ಆಗ್ಬಾರ್ದಲ್ಲ, ಅದಕ್ಕೆ. ನಿನ್ನ ವಿಳಾಸ 255ಕ್ಕಿಂತ ಉದ್ದ ಇದ್ರೆ ಆಗುದಿಲ್ಲ ಅಂತ ಕೈ ಎತ್ತಿಬಿಡ್ತದೆ. ಯಾವ ಫೈಲಿನಲ್ಲಿ ಇದನ್ನು ಮಾಡ್ಬೇಕು ಅಂತ ಪಟ್ಟಿ ಆ ಪ್ಯಾಕೇಜಿನ ‘ಇನ್‌ಫೋ’ ಫೋಲ್ಡರಿನಲ್ಲೇ ಉಂಟು.

— ಡೆಬ್ ಹಾಕುವ ಡಿಪಿಕೆಜಿ ಇದನ್ನು ಮಾಡುದಿಲ್ಲ.

— ಡಿಪಿಕೆಜಿಯೂ ಮಾಡುದಿಲ್ಲ, ಪಿಪ್ಪೂ ಮಾಡುದಿಲ್ಲ. ಅವು ಬೈನರಿ ಫೈಲನ್ನು ಇದ್ದ ಹಾಗೆ ತಂದಿಡ್ತವೆ. ವೀಲಿನೊಳಗೆ ‘ರೆಕಾರ್ಡ್’ ಅಂತ ಒಂದು ಫೈಲ್ ಉಂಟು, ಅದರಲ್ಲಿ ಪ್ರತಿಯೊಂದು ಫೈಲಿನ ಹ್ಯಾಷ್ ಬರ್ದಿರ್ತದೆ. ಒಳಗಿನ ಬೈಟ್ ಬದಲಾಯಿಸಿದ್ರೆ ಆ ಲೆಕ್ಕವೇ ತಪ್ಪಿತು. ನಿನ್ನ ಡೆಬ್ ಹಾಕಿದ ಲ್ಯಾಬ್ ಮೆಷಿನಿನಲ್ಲಿ ಈಗ ಆ ಪ್ಲೇಸ್‌ಹೋಲ್ಡ್ ಗೆರೆ ಹಾಗೇ ಕೂತಿದೆ. ಪ್ರೋಗ್ರಾಮು ಆ ವಿಳಾಸಕ್ಕೆ ಹೋಗಿ ಹುಡುಕಿದ್ರೆ ಅಲ್ಲಿ ಎಂತ ಸಿಗ್ತದೆ?

— ಹಾಗಾದ್ರೆ ‘ಕಾಂಡಾ ಕನ್ವರ್ಟ್’ ಅಂತ ಒಂದು ಕಮಾಂಡೇ ಉಂಟಲ್ಲ, ಅದು ಎಂತಕ್ಕೆ?

— ಅದು ಕಾಂಡಾದಿಂದ ಕಾಂಡಾಕ್ಕೆ. ಲಿನಕ್ಸಿಗೆ ಕಟ್ಟಿದ್ದನ್ನು ವಿಂಡೋಸಿಗೆ, ಮ್ಯಾಕಿಗೆ ಮಾಡಿ ಕೊಡ್ತದೆ, ಅದೂ ಬರೇ ಪೈಥಾನ್ ಮಾತ್ರ ಇದ್ರೆ. ಒಳಗೆ ಸಿ ಎಕ್ಸ್‌ಟೆನ್ಶನ್ ಕಂಡ್ರೆ ‘ಇದನ್ನು ಬಿಟ್ಟೆ’ ಅಂತ ಹೇಳಿ ಮುಂದೆ ಹೋಗ್ತದೆ. ಒತ್ತಾಯ ಮಾಡ್ಲಿಕ್ಕೆ ಒಂದು ಆಪ್ಶನ್ ಉಂಟು. ಒತ್ತಾಯ ಮಾಡಿದ್ರೆ ಸಿಗುದು ಹೆಸರಿಗೆ ವಿಂಡೋಸ್ ಪ್ಯಾಕೇಜು, ಒಳಗೆ ಲಿನಕ್ಸ್ ಬೈನರಿ. ಆ ಟೂಲ್ ಬರೆದವರನ್ನು ನಾನು ಮೆಚ್ಚುತ್ತೇನೆ. ಆಗದ್ದನ್ನು ಆಗುದಿಲ್ಲ ಅಂತಲೇ ಹೇಳಿದ್ದಾರೆ. ಏಲಿಯನ್ ಅಂತ ಇನ್ನೊಂದು ಹಳೆಯದು ಉಂಟು, ಆರ್‌ಪಿಎಂನಿಂದ ಡೆಬ್‌ಗೆ. ಸಿಸ್ಟಮ್ ಬೂಟ್ ಆಗ್ಲಿಕ್ಕೆ ಬೇಕಾದ ಪ್ಯಾಕೇಜುಗಳನ್ನು, ಲಿಬ್‌ಸಿಯನ್ನು ಇದರಿಂದ ಬದಲಾಯಿಸ್ಬೇಡಿ ಅಂತ ಅದರ ಮ್ಯಾನ್ಯುವಲಿನಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ.

— ಸರಿ, ಓಪನ್‌ಸಿವಿ ಬಿಡಿ. ಪೈಟೆಸೆರ‍್ಯಾಕ್ಟ್ ಬರೇ ಪೈಥಾನ್. ವೀಲಿನ ಹೆಸರಿನಲ್ಲೇ ‘ಪಿವೈ3-ನನ್-ಎನಿ’ ಅಂತ ಉಂಟು. ಯಾವ ಮೆಷಿನಾದ್ರೂ ಆದೀತು ಅಂತ ಅಲ್ವಾ ಅದರ ಅರ್ಥ? ಅದನ್ನಾದ್ರೂ ಡೆಬ್ ಮಾಡ್ಬಹುದಲ್ಲ?

— ಮಾಡು. ತೊಂದರೆ ಇಲ್ಲದೆ ಇಂಪೋರ್ಟ್ ಕೂಡ ಆಗ್ತದೆ. ಮತ್ತೆ ಒಂದು ಪುಟ ಕೊಟ್ಟು ಓದು ಅಂತ ಹೇಳು.

— ಟೆಸೆರ‍್ಯಾಕ್ಟ್ ಇಲ್ಲ ಅಂತದೆ.

— ಯಾಕೆ ಹೇಳು?

— ಪೈಟೆಸೆರ‍್ಯಾಕ್ಟ್ ತಾನೇ ಓದುದಿಲ್ಲ. ಟೆಸೆರ‍್ಯಾಕ್ಟ್ ಪ್ರೋಗ್ರಾಮನ್ನು ಕರೆದು ಕೆಲಸ ಮಾಡಿಸುದು ಅಷ್ಟೆ.

— ಅಷ್ಟೆ. ಹ್ಯೂಲೆಟ್-ಪ್ಯಾಕರ್ಡ್‌ನವರು 1985ರಲ್ಲಿ ಶುರು ಮಾಡಿ, 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ದೊಡ್ಡ ಸಿ++ ಪ್ರೋಗ್ರಾಮ್ ಅದು. ಈಗ ಆ ವೀಲಿನ ಮೆಟಾಡೇಟಾ ತೆರೆದು ನೋಡು. ಪಿಲ್ಲೋ ಬೇಕು ಅಂತ ಉಂಟು. ಟೆಸೆರ‍್ಯಾಕ್ಟ್ ಬೇಕು ಅಂತ ಕಂಪ್ಯೂಟರಿಗೆ ಅರ್ಥ ಆಗುವ ಹಾಗೆ ಎಲ್ಲಿಯಾದ್ರೂ ಉಂಟಾ? ಇಲ್ಲ. ಪಿಪ್ ಲೆಕ್ಕಕ್ಕೆ ತೆಗೊಳ್ಳುವ ಹಾಗೆ ಬರೀಲಿಕ್ಕೆ ಜಾಗವೇ ಇಲ್ಲ. ವೀಲಿನ ಡಿಪೆಂಡೆನ್ಸಿ ಪಟ್ಟಿಯಲ್ಲಿ, ಪಿಪ್ ಇಳಿಸಿಕೊಳ್ಳುವ ಪೈಪಿಐ ಭಂಡಾರದಲ್ಲಿರುವ ಪೈಥಾನ್ ಪ್ಯಾಕೇಜಿನ ಹೆಸರು ಮಾತ್ರ ಬರೀಲಿಕ್ಕೆ ಆಗುದು. ಅದೇ ಡೆಬಿಯನ್‌ನ ಪೈಥಾನ್3-ಪೈಟೆಸೆರ‍್ಯಾಕ್ಟ್ ನೋಡು, ಟೆಸೆರ‍್ಯಾಕ್ಟ್-ಒಸಿಆರ್ ಬೇಕು ಅಂತ ಸ್ಪಷ್ಟ ಬರ್ದಿದ್ದಾರೆ. ಅದನ್ನು ಬರೆದದ್ದು ಕನ್ವರ್ಟರ್ ಅಲ್ಲ. ಒಬ್ಬ ಮನುಷ್ಯ ಕೂತು, ಈ ಪ್ರೋಗ್ರಾಮ್ ಏನು ಮಾಡ್ತದೆ ಅಂತ ತಿಳ್ಕೊಂಡು ಬರೆದದ್ದು.

— ಕನ್ನಡ?

— ಅದು ಇನ್ನೊಂದು ಮೆಟ್ಟಿಲು ಕೆಳಗೆ. ಟೆಸೆರ‍್ಯಾಕ್ಟ್ ಇದ್ರೂ ಕನ್ನಡದ ತರಬೇತಿ ಫೈಲ್ ಇಲ್ಲದಿದ್ರೆ ಕನ್ನಡ ಓದುದಿಲ್ಲ. ಉಬುಂಟುವಿನಲ್ಲಿ ಅದಕ್ಕೆ ಟೆಸೆರ‍್ಯಾಕ್ಟ್-ಒಸಿಆರ್-ಕನ್ ಅಂತ ಬೇರೆಯೇ ಪ್ಯಾಕೇಜು. ನಿನ್ನ ಪ್ರಾಜೆಕ್ಟಿಗೆ ಅದು ಬೇಕು ಅಂತ ನಿನಗೆ ಮಾತ್ರ ಗೊತ್ತು. ಪೈಟೆಸೆರ‍್ಯಾಕ್ಟ್ ಬರೆದವನಿಗೂ ಗೊತ್ತಿಲ್ಲ, ಅವನ ಮುಂದಿನ ಬಳಕೆದಾರ ಜಪಾನಿ ಓದಿಸುವವನು ಇರ್ಬಹುದು. ಈ ಹೊರಗಿನ ಡಿಪೆಂಡೆನ್ಸಿಗಳನ್ನು ಬರೀಲಿಕ್ಕೆ ಒಂದು ಜಾಗ ಮಾಡುವ ಅಂತ 2023ರಲ್ಲಿ ಪೆಪ್ 725 ಅಂತ ಒಂದು ಪ್ರಸ್ತಾವ ಬಂತು. ಒಳ್ಳೆಯ ಪ್ರಸ್ತಾವ. ಅದು ಜಾರಿಗೆ ಬಂದ್ರೂ ಹಿಂದೆ ಕಟ್ಟಿಟ್ಟ ಲಕ್ಷಗಟ್ಟಲೆ ವೀಲ್‌ಗಳೊಳಗೆ ಅದು ತನ್ನಷ್ಟಕ್ಕೆ ಹೋಗಿ ಕೂರುದಿಲ್ಲ. ಬರೆದಿಟ್ಟದ್ದನ್ನು ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಸಾಗಿಸಬಹುದು. ಬರೆಯದೇ ಇದ್ದದ್ದನ್ನು ಯಾವ ಕನ್ವರ್ಟರ್ ಎಲ್ಲಿಂದ ತರ್ಬೇಕು?

— ಬರೆದಿಟ್ಟದ್ದಾದ್ರೂ ಸರಿಯಾಗಿ ಬರ್ತದಾ?

— ಹೆಸರಿನಿಂದಲೇ ಗಲಾಟೆ ಶುರು. ಪೈಪಿಐನಲ್ಲಿ ಓಪನ್‌ಸಿವಿ-ಪೈಥಾನ್, ಡೆಬಿಯನ್‌ನಲ್ಲಿ ಪೈಥಾನ್3-ಓಪನ್‌ಸಿವಿ, ಕಾಂಡಾದಲ್ಲಿ ಪೈ-ಓಪನ್‌ಸಿವಿ, ಇಂಪೋರ್ಟ್ ಮಾಡುವಾಗ ಸಿವಿ2. ಪಿಲ್ಲೋ ಡೆಬಿಯನ್‌ನಲ್ಲಿ ಪೈಥಾನ್3-ಪಿಲ್. ಬ್ಯೂಟಿಫುಲ್‌ಸೂಪ್4 ಅಲ್ಲಿ ಪೈಥಾನ್3-ಬಿಎಸ್4. ‘ಮುಂದೆ ಪೈಥಾನ್3 ಅಂತ ಸೇರಿಸಿದ್ರೆ ಆಯ್ತು’ ಅಂತ ನಂಬಿದ ಕನ್ವರ್ಟರ್ ಇಲ್ಲದ ಹೆಸರನ್ನು ಬರ್ದಿಡ್ತದೆ. ಆವೃತ್ತಿ ಸಂಖ್ಯೆ ಅದಕ್ಕಿಂತ ದೊಡ್ಡ ಕಾಟ. ಪೈಥಾನಿನಲ್ಲಿ 1.0ಆರ್‌ಸಿ1 ಅಂದ್ರೆ 1.0ಕ್ಕಿಂತ ಮೊದಲಿನದ್ದು, ಅಲ್ವಾ?

— ಹೌದು, ರಿಲೀಸ್ ಕ್ಯಾಂಡಿಡೇಟ್.

— ಡಿಪಿಕೆಜಿಗೆ ಅದನ್ನೇ ಹಾಗೇ ಕೊಟ್ರೆ 1.0ಆರ್‌ಸಿ1 ಎಂಬುದು 1.0ಕ್ಕಿಂತ ದೊಡ್ಡದು! ನಾಳೆ ನಿಜವಾದ 1.0 ಬಂದ್ರೂ ಅಪ್‌ಗ್ರೇಡ್ ಮಾಡುವಾಗ ‘ನನ್ನಲ್ಲಿ ಇದಕ್ಕಿಂತ ಹೊಸತುಂಟು’ ಅಂತ ಮುಟ್ಟುದಿಲ್ಲ. ಹಾಗಾಗಿ ಡೆಬಿಯನ್‌ನವರು ನಡುವೆ ಒಂದು ಟಿಲ್ಡೆ ಗುರುತು ಹಾಕ್ತಾರೆ, 1.0~ಆರ್‌ಸಿ1. ಟಿಲ್ಡೆ ಇದ್ದದ್ದು ಖಾಲಿ ಇದ್ದದ್ದಕ್ಕಿಂತಲೂ ಹಿಂದೆ ಅಂತ ಡಿಪಿಕೆಜಿಯ ನಿಯಮ. ಒಳ್ಳೆಯ ಕನ್ವರ್ಟರ್‌ಗಳಿಗೆ ಇದು ಗೊತ್ತುಂಟು, ನಾವೇ ಬರೆದ ಸ್ಕ್ರಿಪ್ಟ್‌ಗೆ ಗೊತ್ತಿರುದಿಲ್ಲ. ಮತ್ತೆ ಚೌಕ ಕಂಸದ ಎಕ್ಸ್‌ಟ್ರಾ ಉಂಟಲ್ಲ, ರಿಕ್ವೆಸ್ಟ್ಸ್ ಜೊತೆ ಸಾಕ್ಸ್ ಕೂಡ ಬೇಕು ಅಂತ ಬರೆಯುದು, ಅದಕ್ಕೆ ಡೆಬ್‌ನಲ್ಲಿ ಸಮನಾದ್ದು ಇಲ್ಲ. ‘ವಿಂಡೋಸ್ ಆದ್ರೆ ಮಾತ್ರ ಇದು ಬೇಕು’ ಎಂಬಂಥ ಷರತ್ತನ್ನು ಪಿಪ್ ಹಾಕುವ ಹೊತ್ತಿಗೆ ನೋಡ್ತದೆ. ಡೆಬ್ ಕಟ್ಟಿದ ಹೊತ್ತಿನಲ್ಲೇ ಅದು ತೀರ್ಮಾನ ಆಗಿ ಹೋಗ್ತದೆ.

— ಒಂದು ಮಾತು ಹೇಳ್ತೇನೆ, ಬೈಬೇಡಿ. ನನ್ನ ಫ್ರೆಂಡ್ ವೀಲಿನ ಫೈಲ್ ಹೆಸರನ್ನೇ ಬದಲಾಯಿಸಿ ಹಾಕಿದ್ದಾನೆ. ಅವನದ್ದು ಓಡ್ತದೆ.

— ಎಂತ ಬದಲಾಯಿಸಿದ?

— ಅವನ ಲ್ಯಾಪ್‌ಟಾಪ್ ಉಬುಂಟು 22.04. ಅಲ್ಲಿ ಕಟ್ಟಿದ ವೀಲಿನ ಕೊನೆಯಲ್ಲಿ ಲಿನಕ್ಸ್ ಅಂತ ಇತ್ತು. ಅದನ್ನು ಮೆನಿಲಿನಕ್ಸ್2014 ಅಂತ ಮಾಡಿದ.

— ಅವನ ಮೆಷಿನಿನಲ್ಲಿ ಓಡ್ತದೆ, ಕಟ್ಟಿದ್ದೇ ಅಲ್ಲಿ ಅಲ್ವಾ. ಲ್ಯಾಬಿಗೆ ತಂದು ನೋಡ್ಲಿ. 22.04ರಲ್ಲಿ ಸಿಸ್ಟಮಿನ ಸಿ ಲೈಬ್ರರಿ ಜಿಲಿಬ್‌ಸಿ 2.35, ಲ್ಯಾಬಿನ 20.04ರಲ್ಲಿ 2.31. ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಅಂತ ಬಂದ್ರೆ ಆಶ್ಚರ್ಯ ಇಲ್ಲ. ಮೆನಿಲಿನಕ್ಸ್2014 ಅಂದ್ರೆ ಜಿಲಿಬ್‌ಸಿ 2.17 ಇದ್ದ ಹಳೆಯ ಸಿಸ್ಟಮಿನಲ್ಲೂ ಓಡ್ತದೆ ಅಂತ ಕೊಟ್ಟ ಮಾತು. ಹಾಗೆ ಓಡ್ಬೇಕಾದ್ರೆ ಹಳೆಯ ಸಿಸ್ಟಮಿನಲ್ಲೇ ಕಟ್ಟಬೇಕು. ನಂಪೈ 1.26.4ರ ವೀಲಿನ ಹೆಸರು ನೋಡು, ಸಿಪಿ310-ಸಿಪಿ310-ಮೆನಿಲಿನಕ್ಸ್_2_17 ಅಂತ ಉದ್ದಕ್ಕೆ ಹೋಗ್ತದೆ. ಒಂದೊಂದು ತುಂಡೂ ಒಂದೊಂದು ಷರತ್ತು. ಮೊದಲನೆಯದ್ದು ಯಾವ ಪೈಥಾನ್, ಎರಡನೆಯದ್ದು ಅದರ ಯಾವ ಎಬಿಐ (ಕಂಪೈಲ್ ಆದ ಕೋಡ್ ಅದರ ಜೊತೆ ಹೊಂದುವ ರೀತಿ), ಮೂರನೆಯದ್ದು ಯಾವ ಸಿಸ್ಟಮು.

— ಮೊದಲು ಇಷ್ಟುದ್ದ ಹೆಸರು ಇರ್ಲಿಲ್ವಾ?

— ಇರ್ಲಿಲ್ಲ, ಅದರಿಂದ ಅನುಭವಿಸಿದ್ದೂ ಉಂಟು. 2004ರಲ್ಲಿ ಸೆಟಪ್‌ಟೂಲ್ಸ್ ಜೊತೆ ಎಗ್ ಎಂಬ ಪ್ಯಾಕೇಜ್ ಫಾರ್ಮ್ಯಾಟ್ ಬಂತು. ಎಗ್ಗಿನ ಹೆಸರಿನಲ್ಲಿ ಪೈಥಾನ್ 2.7, ಲಿನಕ್ಸ್ ಅಂತ ಮಾತ್ರ ಇರುದು. ಆ ಒಂದೇ 2.7ರಲ್ಲಿ ಎರಡು ಜಾತಿ ಇತ್ತು. ಒಂದು ಯೂನಿಕೋಡ್ ಅಕ್ಷರಕ್ಕೆ ಎರಡು ಬೈಟ್ ಇಡುವುದು, ಇನ್ನೊಂದು ನಾಲ್ಕು ಬೈಟ್ ಇಡುವುದು. ಪೈಥಾನನ್ನು ಸುಮ್ಮನೆ ಕಂಪೈಲ್ ಮಾಡಿದ್ರೆ ಎರಡು ಬೈಟಿನದ್ದು ಆಗ್ತಿತ್ತು, ಹೆಚ್ಚಿನ ಲಿನಕ್ಸ್ ಡಿಸ್ಟ್ರೊಗಳು ಕೊಡ್ತಿದ್ದದ್ದು ನಾಲ್ಕು ಬೈಟಿನದ್ದು. ಇದರಲ್ಲಿ ಕಟ್ಟಿದ ಸಿ ಎಕ್ಸ್‌ಟೆನ್ಶನ್ ಅದರಲ್ಲಿ ಓಡುದಿಲ್ಲ. ಯಾವ ಜಾತಿಯದ್ದು ಅಂತ ಎಗ್ಗಿನ ಹೆಸರಿನಲ್ಲಿ ಇಲ್ಲ.

— ಕನ್ನಡಕ್ಕೆ ಎರಡು ಬೈಟ್ ಸಾಕಲ್ವಾ?

— ಕನ್ನಡಕ್ಕೆ ಸಾಕು. ನಮ್ಮ ತುಳು ಲಿಪಿಗೆ ಸಾಕಾಗುದಿಲ್ಲ! 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿತಲ್ಲ, ಅದಕ್ಕೆ ಕೊಟ್ಟ ಜಾಗ 11380ರಿಂದ, ನಾಲ್ಕು ಹೆಕ್ಸ್ ಅಂಕೆಯ ಆಚೆಗೆ. ಆ ಎರಡು ಬೈಟಿನ ಪೈಥಾನ್ ಇವತ್ತಿಗೂ ಇದ್ದಿದ್ರೆ ತುಳುವಿನ ಒಂದು ಅಕ್ಷರದ ಉದ್ದ ಕೇಳಿದ್ರೆ 2 ಅಂತಿತ್ತು. 2012ರಲ್ಲಿ ಪೈಥಾನ್ 3.3 ಬಂದು ಆ ಜಾತಿಭೇದ ತೆಗೀತು, ನಮ್ಮ ಪುಣ್ಯ. ಇರ್ಲಿ, ನಾನು ಹೇಳ್ಲಿಕ್ಕೆ ಹೊರಟದ್ದು ಬೇರೆ. 2013ರಲ್ಲಿ ಡೇನಿಯಲ್ ಹೋಲ್ತ್ ಅವರ ಪೆಪ್ 427 ಒಪ್ಪಿಗೆಯಾಗಿ ವೀಲ್ ಬಂತು, ಹೆಸರಿನಲ್ಲಿ ಎಬಿಐಗೆ ಜಾಗ ಆಯ್ತು. ಹಳೆಯ ಎಗ್ಗನ್ನು ವೀಲ್ ಮಾಡ್ಲಿಕ್ಕೆ ‘ವೀಲ್ ಕನ್ವರ್ಟ್’ ಅಂತ ಕಮಾಂಡೂ ಕೊಟ್ರು. ಈಗ ನೀನೇ ಹೇಳು, ಆ ಕಮಾಂಡ್ ಎಬಿಐ ಜಾಗದಲ್ಲಿ ಎಂತ ಬರೀಬೇಕು?

— ಎಗ್ಗಿನಲ್ಲಿ ಇಲ್ಲದಿದ್ರೆ ಖಾಲಿ ಬಿಡ್ಬೇಕು.

— ಖಾಲಿ ಬಿಡುವ ಹಾಗಿಲ್ಲ. ‘ನನ್’ ಅಂತ ಬರ್ದು ಮುಗಿಸಿತು. ಆ ಫಾರ್ಮ್ಯಾಟಿನಲ್ಲಿ ‘ನನ್’ ಅಂದ್ರೆ ಗೊತ್ತಿಲ್ಲ ಅಂತ ಅಲ್ಲ, ಯಾವ ಎಬಿಐಯಾದ್ರೂ ಅಡ್ಡಿಯಿಲ್ಲ ಅಂತ. ಎಗ್ ಸುಮ್ಮನಿತ್ತು, ವೀಲ್ ಆದ ಮೇಲೆ ಸುಳ್ಳು ಹೇಳ್ಲಿಕ್ಕೆ ಶುರು ಮಾಡಿತು. ಪಿಪ್ ಅದನ್ನು ನಂಬಿ ಹಾಕ್ತದೆ, ಇಂಪೋರ್ಟ್ ಮಾಡುವಾಗ ಯುಸಿಎಸ್2 ಸಿಂಬಲ್ ಇಲ್ಲ ಅಂತ ಬೀಳ್ತದೆ. ಕನ್ವರ್ಟ್ ಮಾಡಿದ ಪ್ಯಾಕೇಜು ಮೊದಲಿನದ್ದಕ್ಕಿಂತ ಅಪಾಯ ಅಂತ ನಾನು ಹೇಳುದು ಇದಕ್ಕೇ. 2023ರ ಆಗಸ್ಟಿನಿಂದ ಪೈಪಿಐ ಹೊಸ ಎಗ್ ತೆಗೊಳ್ಳುದನ್ನೇ ನಿಲ್ಲಿಸಿದೆ.

— ಆದ್ರೂ ಅಣ್ಣ, ಮೂಡುಬಿದಿರೆ ಬಸದಿಯಲ್ಲಿದ್ದ ಧವಳಾ ಎಂಬ ಜೈನ ಗ್ರಂಥದ ತಾಳೆಯೋಲೆಗಳನ್ನು ನಾಗರಿ ಲಿಪಿಗೆ ಎತ್ತಿದ್ರಲ್ಲ? ಓಲೆಯಿಂದ ಕಾಗದಕ್ಕೆ, ಹಳೆಗನ್ನಡ ಅಕ್ಷರದಿಂದ ನಾಗರಿಗೆ. ಅದೂ ಫಾರ್ಮ್ಯಾಟ್ ಬದಲಾವಣೆಯೇ ಅಲ್ವಾ? ಅದು ಹಾಳಾಗ್ಲಿಲ್ಲ.

— ಒಳ್ಳೆಯ ಪ್ರಶ್ನೆ. ಓಲೆಯಲ್ಲಿದ್ದದ್ದು ಮೂಲ ಪಠ್ಯ. ಓದಲು ಬರುವವರು ಕೂತು ಅಕ್ಷರ ಅಕ್ಷರ ಓದಿ ಬರೆದ್ರು, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಸಂಪುಟ ಸಂಪುಟವಾಗಿ ಅಚ್ಚಾಯ್ತು. ನಿನ್ನ ಕೈಯಲ್ಲಿರುವ ವೀಲು, ಕಾಂಡಾ, ಡೆಬ್ ಮೂರೂ ಮೂಲ ಅಲ್ಲ. ಮೂಲದಿಂದ ಒಂದು ನಿರ್ದಿಷ್ಟ ಮೆಷಿನಿಗಾಗಿ ಕಟ್ಟಿದ್ದು. ಮೂಲ ಬೇಕಾದ್ರೆ ಪೈಪಿಐನಲ್ಲಿ ಎಸ್‌ಡಿಸ್ಟ್ ಅಂತ ಇರ್ತದೆ, ಟಾರ್ ಜಿಜಡ್ ಫೈಲು. ಅದರಿಂದ ವೀಲ್ ಕಟ್ಟು, ಕಾಂಡಾ ಕಟ್ಟು, ಡೆಬ್ ಕಟ್ಟು. ಮೂರೂ ಸರಿಯಾಗಿ ಬರ್ತದೆ, ಯಾಕೆಂದ್ರೆ ಪ್ರತಿಸಲವೂ ಕಂಪೈಲರ್ ಆಯಾ ಸಿಸ್ಟಮನ್ನು ನೋಡ್ಕೊಂಡೇ ಕೆಲಸ ಮಾಡ್ತದೆ. ವೀಲಿನಿಂದ ಹಿಂದೆ ಎಸ್‌ಡಿಸ್ಟ್‌ಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ. ಸಿ ಫೈಲು, ಕಟ್ಟುವ ವಿಧಾನ ಸಾಮಾನ್ಯವಾಗಿ ಅದರೊಳಗೆ ಉಳಿದಿರುದಿಲ್ಲ.

— ಓಪನ್‌ಸಿವಿಯನ್ನು ಮೂಲದಿಂದ ಕಟ್ಟಲಿಕ್ಕೆ ನನ್ನ ಲ್ಯಾಪ್‌ಟಾಪಿಗೆ ಜೀವ ಉಂಟಾ?

— ಬೇಡ. ಮೊದಲು ಇದಕ್ಕೆ ಉತ್ತರ ಹೇಳು. ಪುಟ ನೆಟ್ಟಗೆ ಮಾಡ್ಲಿಕ್ಕೆ, ಕಪ್ಪು ಬಿಳುಪು ಮಾಡ್ಲಿಕ್ಕೆ ಓಪನ್‌ಸಿವಿ 4.2 ಸಾಕಾ?

— ಧಾರಾಳ ಸಾಕು. ನಾನು ಬಳಸುವ ಫಂಕ್ಷನ್‌ಗಳೆಲ್ಲ ಹಳೆಯವೇ.

— ಉಬುಂಟು 20.04ರ ಸ್ವಂತ ಪೈಥಾನ್3-ಓಪನ್‌ಸಿವಿ 4.2.0. ಡೆಬ್ಬೇ. ಟೆಸೆರ‍್ಯಾಕ್ಟ್ 4.1.1, ಕನ್ನಡದ ಫೈಲು, ಅವೂ ಡೆಬ್ಬೇ. ಆ ಸಿಸ್ಟಮಿಗಾಗಿಯೇ ಕಟ್ಟಿದ್ದು. ಅದೇ ಉಬುಂಟು ಇರುವ, ನೆಟ್ ಇರುವ ಒಂದು ಮೆಷಿನಿನಲ್ಲಿ ಡಿಪೆಂಡೆನ್ಸಿ ಸಮೇತ ಇಳಿಸಿ ಪೆನ್‌ಡ್ರೈವಿಗೆ ಹಾಕು. ಸರ್‌ಗೂ ಬೇಜಾರಿಲ್ಲ.

— ಇಷ್ಟು ದಿನ ನಾನು ಮಾಡಿದ್ದು ಎಂತಕ್ಕೆ ಹಾಗಾದ್ರೆ! ಪೈಟೆಸೆರ‍್ಯಾಕ್ಟ್?

— ಅದನ್ನು ಡೆಬ್ ಮಾಡುವ ಗೊಡವೆ ಬೇಡ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಸಿಸ್ಟಮಿನ ಪ್ಯಾಕೇಜ್ ಕಾಣುವ ಹಾಗೆ ಇಟ್ಟು, ವೀಲನ್ನು ಅದರೊಳಗೆ ಹಾಕು. ಸಿಸ್ಟಮಿನ ಫೋಲ್ಡರಿಗೆ ಕೈ ಹಾಕದೆ ಇದ್ರೆ ಯಾವ ಸರ್ ಕೂಡ ಬೇಡ ಅನ್ಲಿಕ್ಕಿಲ್ಲ. ನೆಟ್ ಇರುವ ಮೆಷಿನಿನಲ್ಲಿ ‘ಪಿಪ್ ಡೌನ್‌ಲೋಡ್’ ಕೊಡುವಾಗ ಪೈಥಾನ್ 3.8, ಮೆನಿಲಿನಕ್ಸ್2014, ಬೈನರಿ ಮಾತ್ರ ಅಂತ ಮೂರು ಆಪ್ಶನ್ ಕೊಡು. ನಿನ್ನ ಲ್ಯಾಪ್‌ಟಾಪಿಗಲ್ಲ, ಲ್ಯಾಬಿಗೆ ಬೇಕಾದ್ದೇ ಇಳೀತದೆ. ಪಿಲ್ಲೋ ಕೂಡ ಅದರ ಜೊತೆಗೆ ಬರ್ತದೆ. ಇಳಿದದ್ದನ್ನು ಹಾಕುವಾಗ ಇಂಟರ್ನೆಟ್ಟಿಗೆ ಹೋಗ್ಬೇಡ, ಈ ಫೋಲ್ಡರಿನಲ್ಲೇ ನೋಡು ಅಂತ ಹೇಳ್ಲಿಕ್ಕೂ ಆಪ್ಶನ್ ಉಂಟು. 20.04ರ ಜೊತೆ ಬರುವ ಪಿಪ್ 20.0.2, ಮೆನಿಲಿನಕ್ಸ್_2_17 ಎಂಬ ಹೊಸ ರೀತಿಯ ಹೆಸರು ಅದಕ್ಕೆ ತಿಳಿಯುದಿಲ್ಲ. ಹಾಗಾಗಿ ಹೊಸ ಪಿಪ್ಪಿನ ವೀಲನ್ನೂ ಜೊತೆಗೆ ಇಟ್ಟುಕೋ.

— ಪ್ರಾಜೆಕ್ಟ್ ಮುಗಿದ ಮೇಲೆ ಪೈಪಿಐಗೆ ಹಾಕುವ ಅಂತ ಇದ್ದೇವೆ. ಕನ್ನಡ ಪುಸ್ತಕ ಓದಿಸ್ಲಿಕ್ಕೆ ಬೇರೆಯವರಿಗೂ ಆಗ್ಲಿ ಅಂತ.

— ಖಂಡಿತ ಹಾಕಿ. ವೀಲ್ ಒಂದೇ ಹಾಕ್ಬೇಡಿ, ಎಸ್‌ಡಿಸ್ಟನ್ನೂ ಹಾಕಿ, ಇಲ್ಲದಿದ್ರೆ ನಾಳೆ ಡೆಬ್ ಕಟ್ಟುವವರಿಗೆ ಕೈಯಲ್ಲಿ ಎಂತದ್ದೂ ಇರುದಿಲ್ಲ. ಟೆಸೆರ‍್ಯಾಕ್ಟ್ ಪ್ರೋಗ್ರಾಮು ಮತ್ತು ಅದರ ಕನ್ನಡ ಫೈಲು ಬೇಕು ಅಂತ ರೀಡ್‌ಮಿಯ ಮೊದಲನೆಯ ಸಾಲಿನಲ್ಲೇ ಬರೀರಿ.